ಟೆಕ್ನೋ ಮಿಕ್ಸಿಂಗ್‌ಗೆ ಕಂಟ್ರೋಲರ್ ಕೊಳ್ಳುವ ಮುಂಚೆ

ಡಿಜೆ ಕಂಟ್ರೋಲರ್ ಅಂದರೆ ಕಂಪ್ಯೂಟರ್‌ನ ಡಿಜೆ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಸಾಧನ. ಅದರ ದೊಡ್ಡ ಜಾಗ್ ವೀಲ್ (ಟ್ರ್ಯಾಕನ್ನು ಕೈಯಿಂದ ಹಿಂದೆ-ಮುಂದೆ ಮಾಡುವ ಚಕ್ರ) ನೋಡಿ ಸುಮ್ನೆ ಮರುಳಾಗಬೇಡಿ. ಟೆಕ್ನೋದಲ್ಲಿ ಆ ಚಕ್ರ ತಿರುಗಿಸಿ ಸ್ಕ್ರ್ಯಾಚ್ ಸದ್ದು ಮಾಡುವುದು ಕಡಿಮೆ. ಎರಡು ಟ್ರ್ಯಾಕ್ ನಿಮಿಷಗಟ್ಟಲೆ ಒಟ್ಟಿಗೆ ಓಡುತ್ತವೆ. ಆಗ ಕೈ ಇರುವುದೆಲ್ಲ ಈಕ್ಯೂ (ಬೇಸ್, ಟ್ರೆಬಲ್ ಏರಿಳಿಸುವ ನಾಬ್), ಫಿಲ್ಟರ್, ಲೂಪ್ (ಒಂದು ತುಣುಕನ್ನೇ ಮತ್ತೆ ಮತ್ತೆ ಓಡಿಸುವುದು) ಮೇಲೆ. ಒಂದರ ಬೇಸ್ ಇಳಿಸುತ್ತಾ ಇನ್ನೊಂದರದ್ದು ಏರಿಸಬೇಕು, ಇಲ್ಲದಿದ್ದರೆ ಎರಡು ಕಿಕ್ (ಡ್ರಮ್‌ನ ದಪ್ಪ ಬಡಿತ) ಸೇರಿ ಸೌಂಡ್ ಕಲಸುಮೇಲೋಗರ. ಹಾಗಾಗಿ ನಾಬ್‌ಗಳು ಗಟ್ಟಿಯಾಗಿರಲಿ, ನಡುವೆ ಬೆರಳಿಗೆ ಜಾಗ ಇರಲಿ.

ಮೂರು-ನಾಲ್ಕು ಡೆಕ್‌ಗಳಲ್ಲಿ (ಒಂದೊಂದು ಟ್ರ್ಯಾಕ್ ಓಡಿಸುವ ಪ್ಲೇಯರ್‌ಗಳಲ್ಲಿ) ಲೂಪ್ ಪೇರಿಸುವ ಆಸೆಯಿದ್ದರೆ ಬರ್ಲಿನ್‌ನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟ್ರ್ಯಾಕ್ಟರ್ ಎಂಬ ಡಿಜೆ ಸಾಫ್ಟ್‌ವೇರ್ ನನ್ನ ಮೊದಲ ಆಯ್ಕೆ. ಜೊತೆಗೆ ಅದೇ ಕಂಪನಿಯ 4 ಚಾನೆಲ್‌ನ (ಒಟ್ಟಿಗೆ 4 ಟ್ರ್ಯಾಕ್ ಬೆರೆಸಬಲ್ಲ) ಎಸ್4 ಕಂಟ್ರೋಲರ್. ಮುಂದೆ ಕ್ಲಬ್‌ನಲ್ಲಿ ನುಡಿಸಬೇಕು ಅಂತಿದ್ದರೆ ಪಯೋನಿಯರ್‌ನ ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರ್ ಕಲಿಯಿರಿ. ಅಲ್ಲಿ ಜಾಸ್ತಿ ಇರುವುದು ಪಯೋನಿಯರ್ ಸಿಡಿಜೆ ಪ್ಲೇಯರ್‌ಗಳೇ ಅಲ್ವಾ? ಟ್ರ್ಯಾಕ್, ಕ್ಯೂ ಪಾಯಿಂಟ್ (ಟ್ರ್ಯಾಕ್‌ನಲ್ಲಿ ನೀವು ಗುರುತು ಹಾಕಿದ ಜಾಗ) ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಇದಕ್ಕೆ ಡಿಡಿಜೆ-ಎಫ್‌ಎಲ್‌ಎಕ್ಸ್4 ಕಂಟ್ರೋಲರ್ ಒಳ್ಳೆಯ ಆರಂಭ, ಆದರೆ 2 ಚಾನೆಲ್ ಅಷ್ಟೇ.

ಇನ್ನೂ ತೀರ್ಮಾನ ಆಗದಿದ್ದರೆ ಮಿಕ್ಸ್ (Mixxx) ಎಂಬ ಉಚಿತ ಡಿಜೆ ಸಾಫ್ಟ್‌ವೇರ್ ಹಾಕಿಕೊಂಡು ನೋಡಿ. ಅದರಲ್ಲೂ 4 ಡೆಕ್ ಇವೆ.

ಯಾವುದೇ ಕಂಟ್ರೋಲರ್ ಕೊಳ್ಳಿ, ಹೆಡ್‌ಫೋನ್ ಜಾಕ್ ಇದೆಯಾ ಅಂತ ಖಂಡಿತ ನೋಡಿ. ಅದಿಲ್ಲದಿದ್ದರೆ ಮುಂದಿನ ಟ್ರ್ಯಾಕನ್ನು ಮೊದಲೇ ಕೇಳಿಕೊಳ್ಳಲು ಬೇರೆ ಸೌಂಡ್ ಕಾರ್ಡ್‌ಗೆ ದುಡ್ಡು ಹಾಕಬೇಕಾಗುತ್ತದೆ.