ಹೈಬ್ರಿಡ್ ಗಾಡಿಯ ಮೈಲೇಜ್ ಇರುವುದು ಬ್ರೇಕ್ ಪೆಡಲಿನಲ್ಲಿ

ನಮ್ಮ ಮನೆಯಲ್ಲಿರುವುದು ಟೊಯೋಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ, ಸ್ವಲ್ಪ ದೂರ ತಾನೊಂದೇ ಗಾಡಿ ಓಡಿಸಬಲ್ಲ ಎಲೆಕ್ಟ್ರಿಕ್ ಮೋಟರ್ ಇರುವ ಕಾರು. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್. ಬೆಂಗಳೂರಿನ ಒಳಗೆ ನನಗೆ ಮೊದಮೊದಲು ಸಿಗುತ್ತಿದ್ದದ್ದು 20ರ ಆಸುಪಾಸು. ಈಗ 24, ಒಮ್ಮೊಮ್ಮೆ 25 ಸಿಗುತ್ತದೆ. ಗಾಡಿ ಅದೇ, ದಾರಿಯೂ ಅದೇ: ರಾಜರಾಜೇಶ್ವರಿ ನಗರದಿಂದ ಬೆಳ್ಳಂದೂರು, ಮಧ್ಯೆ ಸಿಲ್ಕ್ ಬೋರ್ಡ್. ಬದಲಾದದ್ದು ಓಡಿಸುವ ರೀತಿ. ಅದರಲ್ಲೂ ಬ್ರೇಕ್ ಒತ್ತುವ ರೀತಿ.

ಮೊದಲು ಆ 27.97ರ ಬಗ್ಗೆ. ಅದು ಸುಳ್ಳು ಲೆಕ್ಕ ಅಲ್ಲ. ಆದರೆ ಅದು ರಸ್ತೆಯ ಮೇಲಿನ ಲೆಕ್ಕವೂ ಅಲ್ಲ. ಗಾಡಿಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಪರೀಕ್ಷೆಯಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ವೇಗ ಏರಿಸಿ ಇಳಿಸಿ ಓಡಿಸುತ್ತಾರೆ. ಅತಿ ಹೆಚ್ಚಿನ ವೇಗ ಗಂಟೆಗೆ 90. ಎಸಿ ಆಫ್. ನಮ್ಮ ರಸ್ತೆಯಲ್ಲಿ ಎಸಿ ಇಲ್ಲದೆ ಏಪ್ರಿಲ್ ತಿಂಗಳಲ್ಲಿ ಯಾರು ಓಡಿಸುತ್ತಾರೆ ಹೇಳಿ. ಅದಕ್ಕೇ ನಾನು ಆ ಸಂಖ್ಯೆಯ ಹಿಂದೆ ಬೀಳಲಿಲ್ಲ. ನನ್ನದೇ ಹಳೆಯ ಲೆಕ್ಕದ ಜೊತೆ ಹೋಲಿಸುತ್ತಾ ಬಂದೆ.

ಹೋಲಿಸಬೇಕಾದರೆ ಅಳತೆ ನೆಟ್ಟಗಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಬರುವ ಮೈಲೇಜ್ ನನ್ನ ಗಾಡಿಯಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಹಾಗಾಗಿ ಒಂದೇ ಬಂಕ್, ಸಾಧ್ಯವಾದರೆ ಅದೇ ಪಂಪ್. ಆಟೋ ಕಟ್ ಆದ ತಕ್ಷಣ ನಿಲ್ಲಿಸಿ ಅಂತ ಹುಡುಗನಿಗೆ ಹೇಳುತ್ತೇನೆ. ಬಿಲ್ ರೌಂಡ್ ಮಾಡಲು ಇನ್ನೊಂದಿಷ್ಟು ತುಂಬಿಸಿದರೆ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ತುಂಬಿಸಿದಾಗ ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸುತ್ತೇನೆ. ಒಂದು ಟ್ಯಾಂಕ್ ನೋಡಿ ಏನೂ ತೀರ್ಮಾನಿಸುವುದಿಲ್ಲ. ಎರಡು ಮೂರು ಟ್ಯಾಂಕ್ ಸೇರಿಸಿ ನೋಡಿದಾಗಲೇ ನಿಜ ಗೊತ್ತಾಗುವುದು.

ಇನ್ನು ಗಾಡಿಯ ಒಳಗಿನ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. 1.5 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಇದೆ, ಜೊತೆಗೊಂದು ಎಲೆಕ್ಟ್ರಿಕ್ ಮೋಟರ್. ಎರಡೂ ಸೇರಿ ಸುಮಾರು 115 ಪಿಎಸ್ (ಅಶ್ವಶಕ್ತಿ). ಬ್ಯಾಟರಿ ಮಾತ್ರ ತೀರಾ ಪುಟ್ಟದು, 0.76 ಕಿಲೋವ್ಯಾಟ್-ಅವರ್, ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಹತ್ತಿರ ಹತ್ತಿರ 9 ಕಿಲೋವ್ಯಾಟ್-ಅವರ್ ಶಕ್ತಿ ಇರುತ್ತದೆ. ಅಂದರೆ ಈ ಬ್ಯಾಟರಿ ಹಂಡೆಯಲ್ಲ, ಒಂದು ಚೊಂಬು. ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಇಲ್ಲಿ ಪ್ಲಗ್ ಹಾಕಿ ಚಾರ್ಜ್ ಮಾಡುವ ವ್ಯವಸ್ಥೆಯೂ ಇಲ್ಲ. ಗಾಡಿಗೆ ಬರುವ ಶಕ್ತಿಯೆಲ್ಲ ಕೊನೆಗೂ ನೀವು ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನಿಂದಲೇ. ಬ್ಯಾಟರಿಯ ಕೆಲಸ ಒಂದೇ: ಮೊದಲಾದರೆ ಬ್ರೇಕಿನ ಬಿಸಿಯಾಗಿ ಹೋಗುತ್ತಿದ್ದ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಕೊಡುವುದು.

ಹೀಗಿರುವಾಗ ಗಾಡಿಯನ್ನು ಬರೀ ಬ್ಯಾಟರಿಯಲ್ಲಿ ಓಡಿಸುವ ಇವಿ ಬಟನ್ ಒತ್ತಿ ಒತ್ತಿ ಮೈಲೇಜ್ ಏರಿಸುತ್ತೇನೆ ಅನ್ನುವುದು ಸುಮ್ನೆ ಶ್ರಮ. ಬಲವಂತವಾಗಿ ಬ್ಯಾಟರಿ ಖಾಲಿ ಮಾಡಿದರೆ ಆಮೇಲೆ ಎಂಜಿನ್ ಓಡಿಯೇ ಅದನ್ನು ತುಂಬಬೇಕು. ಪೆಟ್ರೋಲಿನಿಂದ ಕರೆಂಟು, ಕರೆಂಟಿನಿಂದ ಮತ್ತೆ ಚಕ್ರ. ಪ್ರತಿ ಹಂತದಲ್ಲೂ ಸ್ವಲ್ಪ ಸೋರುತ್ತದೆ. ರಾತ್ರಿ ಗಲ್ಲಿಯೊಳಗೆ ಸದ್ದಿಲ್ಲದೆ ಬರಬೇಕಾದಾಗ ಆ ಬಟನ್ ಒಳ್ಳೆಯದು. ಮೈಲೇಜಿಗಾಗಿ ಅದನ್ನು ಒತ್ತುವ ಒಂದೇ ಒಂದು ಜಾಗ ನನಗೆ ಗೊತ್ತು. ಅದನ್ನು ಘಾಟಿಯ ವಿಷಯ ಬಂದಾಗ ಹೇಳುತ್ತೇನೆ.

ಈಗ ಬ್ರೇಕಿಗೆ ಬರೋಣ. ಮೀಟರಿನಲ್ಲಿ ಚಾರ್ಜ್, ಇಕೋ, ಪವರ್ ಅಂತ ಮೂರು ಭಾಗ ಇರುತ್ತವೆ. ಎಲ್ಲರೂ ಮುಳ್ಳನ್ನು ಪವರ್ ಕಡೆ ಹೋಗದಂತೆ ನೋಡಿಕೊಳ್ಳುತ್ತಾರೆ. ನಾನು ಜಾಸ್ತಿ ನೋಡುವುದು ಚಾರ್ಜ್ ಭಾಗವನ್ನು. ಬ್ರೇಕ್ ಮೆಲ್ಲಗೆ ಒತ್ತಿದರೆ ಮೋಟರೇ ಜನರೇಟರ್ ಆಗಿ ಗಾಡಿಯನ್ನು ತಡೆಯುತ್ತದೆ, ಆ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಜೋರಾಗಿ ಒತ್ತಿದರೆ ಮೋಟರಿಗೆ ಅಷ್ಟನ್ನೂ ಹಿಡಿಯಲು ಆಗುವುದಿಲ್ಲ. ಉಳಿದದ್ದನ್ನು ಮಾಮೂಲಿ ಬ್ರೇಕ್ ಪ್ಯಾಡ್ ತಿಕ್ಕಿ ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಮುಳ್ಳು ಚಾರ್ಜ್ ಭಾಗದ ತುದಿಗೆ ಹೋಗಿ ಅಂಟಿಕೊಂಡಿತು ಅಂದರೆ ಅಲ್ಲಿಂದಾಚೆಗಿನದು ಪ್ಯಾಡಿನ ಪಾಲು.

ನಾಗರಬಾವಿಯಿಂದ ಬರುವ ವರ್ತುಲ ರಸ್ತೆಯಲ್ಲಿ ಒಂದು ಹಂಪ್ ಬರುತ್ತದೆ ಅಂದುಕೊಳ್ಳಿ. 50ರಲ್ಲಿ ಹೋಗುತ್ತಿದ್ದೇನೆ. ದೂರದಿಂದ ಹಂಪ್ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇನೆ. ಎಂಜಿನ್ ಅಲ್ಲೇ ಆಫ್. ಗಾಡಿ ತಾನಾಗಿ 40ಕ್ಕೆ ಇಳಿಯುತ್ತದೆ. ಆಮೇಲೆ ಹೆಬ್ಬೆರಳಿನ ಭಾರ ಮಾತ್ರ ಬ್ರೇಕ್ ಮೇಲೆ ಇಟ್ಟು, ಅದನ್ನು ಹಾಗೇ ಹಿಡಿದು, ಹಂಪ್ ಹತ್ತಿರ ಬರುವಾಗ 15ಕ್ಕೆ ತರುತ್ತೇನೆ. ಅಷ್ಟೂ ಹೊತ್ತು ಮುಳ್ಳು ಚಾರ್ಜ್ ಭಾಗದ ಮಧ್ಯದಲ್ಲೇ ಇರುತ್ತದೆ. ಹಂಪ್ ದಾಟಿದ ಮೇಲೆ ಮೊದಲ ಕೆಲವು ಮೀಟರ್ ಗಾಡಿ ಮೋಟರಿನಲ್ಲೇ ಹೊರಡುತ್ತದೆ, ಈಗಷ್ಟೇ ಹಿಡಿದ ಶಕ್ತಿಯಿಂದ. ಹಿಂದಿನ ಆಟೋದವರು ಒಮ್ಮೊಮ್ಮೆ ಹಾರ್ನ್ ಹೊಡೆಯುತ್ತಾರೆ ನಿಜ. ಆದರೆ ಮುಂದೆ ಸಿಗ್ನಲ್ ಕೆಂಪು ಇದ್ದಾಗ ಬೇಗ ಹೋಗಿ ಬೇಗ ನಿಲ್ಲುವುದರಲ್ಲಿ ಯಾರಿಗೂ ಲಾಭವಿಲ್ಲ ಅಲ್ವಾ?

ಇದನ್ನು ಮಾಡಲು ಮುಂದಿನ ಗಾಡಿಯ ಹಿಂಬದಿ ನೋಡಿಕೊಂಡು ಓಡಿಸಿದರೆ ಸಾಲದು. ಅದರ ಮುಂದಿನ ಎರಡು ಮೂರು ಗಾಡಿಗಳ ಬ್ರೇಕ್ ಲೈಟ್ ಕಾಣಬೇಕು. ಅಂತರ ಬಿಟ್ಟರೆ ಬೈಕಿನವರು ನುಗ್ಗುತ್ತಾರೆ, ನುಗ್ಗಲಿ. ನನ್ನ ಮೈಲೇಜ್ ಅತಿ ಹೆಚ್ಚು ಏರಿದ್ದು ಈ ಒಂದು ಅಭ್ಯಾಸದಿಂದ.

ಹೊರಡುವಾಗ ಏನು ಮಾಡಬೇಕು? ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗುವುದಿಲ್ಲ. ಎಂಜಿನ್ ಆನ್ ಆಗಲೇಬಾರದು ಅಂತ ಆಮೆಯ ಹಾಗೆ ಹೊರಡುವವರಿದ್ದಾರೆ. ಎಂಜಿನ್ ಆನ್ ಆದರೆ ಆಗಲಿ. ಆನ್ ಆದಾಗ ಅದಕ್ಕೆ ಸರಿಯಾದ ಕೆಲಸ ಕೊಡಿ. ತೀರಾ ಹಗುರ ಕೆಲಸದಲ್ಲಿ ಪೆಟ್ರೋಲ್ ಎಂಜಿನ್ ಯಾವತ್ತೂ ದಂಡವೇ. ಮುಳ್ಳನ್ನು ಇಕೋ ಭಾಗದ ಮೇಲಿನ ಅರ್ಧದಲ್ಲಿ ಇಟ್ಟು 50 ಮುಟ್ಟುತ್ತೇನೆ. ಆಮೇಲೆ ಒಂದು ಕ್ಷಣ ಕಾಲನ್ನು ಪೂರ್ತಿ ತೆಗೆಯುತ್ತೇನೆ. ಎಂಜಿನ್ ನಿಲ್ಲುತ್ತದೆ. ಮತ್ತೆ ಮೆತ್ತಗೆ ಒತ್ತಿದರೆ ಸಮತಟ್ಟು ರಸ್ತೆಯಲ್ಲಿ ಗಾಡಿ ಮೋಟರಿನಲ್ಲೇ ಓಡುತ್ತದೆ. ಆ ಕಾಲು ತೆಗೆಯುವ ಕ್ಷಣ ತುಂಬ ಮುಖ್ಯ. ತೆಗೆಯದೆ ಹಾಗೇ ಸಡಿಲ ಮಾಡಿದರೆ ಎಂಜಿನ್ ಎಷ್ಟೋ ಸಲ ಓಡುತ್ತಲೇ ಇರುತ್ತದೆ.

ಮ್ಯಾನುವಲ್ ಗಾಡಿಯಿಂದ ಬಂದವರು ಸಿಗ್ನಲಿನಲ್ಲಿ ನ್ಯೂಟ್ರಲಿಗೆ ಹಾಕುತ್ತಾರೆ. ಹೈಬ್ರಿಡ್‌ನಲ್ಲಿ ಅದು ಬೇಡ. ನ್ಯೂಟ್ರಲಿನಲ್ಲಿ ಈ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಸಿಯ ಕಂಪ್ರೆಸರ್ ಮಾತ್ರ ಕರೆಂಟು ಎಳೆಯುತ್ತಲೇ ಇರುತ್ತದೆ, ಯಾಕೆಂದರೆ ಈ ಗಾಡಿಯಲ್ಲಿ ಅದು ಬೆಲ್ಟಿನಿಂದ ಓಡುವುದಲ್ಲ, ವಿದ್ಯುತ್ತಿನಿಂದ ಓಡುವುದು. ಗೇರನ್ನು ಡಿಯಲ್ಲೇ (ಡ್ರೈವ್) ಇಟ್ಟು ಬ್ರೇಕ್ ಹಿಡಿದುಕೊಳ್ಳಿ. ಜಾಸ್ತಿ ಹೊತ್ತು ನಿಲ್ಲುವುದಾದರೆ ಪಿ (ಪಾರ್ಕಿಂಗ್). ಸಿಲ್ಕ್ ಬೋರ್ಡಿನ ಬಿಸಿಲಿನಲ್ಲಿ ನಿಂತಾಗ ಆಗಾಗ ಎಂಜಿನ್ ಆನ್ ಆಗಿ ಆಫ್ ಆಗುತ್ತದೆ, ಎಸಿ ಕುಡಿದ ಚಾರ್ಜನ್ನು ತುಂಬಲು. ಅದಕ್ಕೆ ಗಾಬರಿ ಬೇಡ. ನಾನು ಎಸಿಯನ್ನು 25ಕ್ಕೆ ಇಟ್ಟು ಬಿಟ್ಟುಬಿಟ್ಟಿದ್ದೇನೆ. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯನ್ನು ತೆಗೆಯುವಾಗ ನಾಲ್ಕೂ ಕಿಟಕಿ ಇಳಿಸಿ ಸ್ವಲ್ಪ ದೂರ ಹೋಗಿ, ಬಿಸಿಗಾಳಿ ಹೊರಗೆ ಹೋದ ಮೇಲೆ ಎಸಿ ಹಾಕುತ್ತೇನೆ.

ಮೈಲೇಜಿನ ದೊಡ್ಡ ಶತ್ರು ಟ್ರಾಫಿಕ್ ಅಲ್ಲ, ಸಣ್ಣ ಓಡಾಟ. ತಣ್ಣಗಿರುವ ಎಂಜಿನ್ ಆನ್ ಆದರೆ ತಾನು ಬಿಸಿಯಾಗುವವರೆಗೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವವರೆಗೆ ಓಡುತ್ತಲೇ ಇರುತ್ತದೆ. ಒಂದೂವರೆ ಕಿಲೋಮೀಟರ್ ಹೋಗಿ ತರಕಾರಿ ತಂದರೆ ಆ ಓಡಾಟಕ್ಕೆ ಲೀಟರಿಗೆ 10–12 ಬಂದರೂ ಆಶ್ಚರ್ಯವಿಲ್ಲ. ನಾವೀಗ ತರಕಾರಿ, ಔಷಧಿ, ಮಗಳ ಡ್ಯಾನ್ಸ್ ಕ್ಲಾಸ್ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತೇವೆ. ಎಂಜಿನ್ ಒಮ್ಮೆ ಬಿಸಿಯಾದರೆ ಆ ಸುತ್ತು ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಹೆದ್ದಾರಿಯಲ್ಲಿ ಕತೆ ಉಲ್ಟಾ. ಅಲ್ಲಿ ಬ್ರೇಕೇ ಕಮ್ಮಿ, ಹಿಡಿಯಲು ಶಕ್ತಿಯೂ ಕಮ್ಮಿ. ಉಳಿಯುವುದು ಗಾಳಿಯ ಜೊತೆ ಜಗಳ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ತಡೆ ಶೇಕಡಾ 56ರಷ್ಟು ಜಾಸ್ತಿ. ಎಸ್‌ಯುವಿಯ ಎತ್ತರದ ಮುಖಕ್ಕೆ ಇದು ಸಣ್ಣ ವಿಷಯವಲ್ಲ. ನನ್ನ ಗಾಡಿ ತಯಾರಾದದ್ದು ಬಿಡದಿಯಲ್ಲಿ. ಅದರ ಪಕ್ಕದಲ್ಲೇ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗದ ಮಿತಿ 100. ಆ ಮಿತಿಗೆ ಅಂಟಿಕೊಂಡು ಹೋದರೆ ನನಗೆ 19–20 ಬರುತ್ತದೆ. 80–85ರಲ್ಲಿ ಎಡ ಲೇನಿನಲ್ಲಿ ನೆಮ್ಮದಿಯಾಗಿ ಹೋದರೆ 23ರ ಮೇಲೆ. ಮೈಸೂರಿಗೆ ತಲುಪುವುದು ಕಾಲು ಗಂಟೆ ತಡ, ಅಷ್ಟೇ. ಹೈಬ್ರಿಡ್ ತೆಗೆದುಕೊಂಡು ಬರೀ ಹೆದ್ದಾರಿಯಲ್ಲಿ ಜೋರಾಗಿ ಓಡಿಸುವವರಿಗೆ ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರುವುದು ಕಷ್ಟ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಊರೊಳಗೆ ನಿಂತು ನಿಂತು ಓಡಿಸುವವರಿಗೆ ಇದು ಹೇಳಿಮಾಡಿಸಿದ ಗಾಡಿ.

ಟೈರಿನ ಗಾಳಿ: ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಇರುವಷ್ಟೇ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಮೇಲಿನ ಕ್ಯಾರಿಯರ್ ಕೆಲಸ ಮುಗಿದ ಕೂಡಲೇ ಬಿಚ್ಚಿಡಿ. ಎಂಜಿನ್ ಆಯಿಲ್, ಗಾಡಿಯ ಜೊತೆ ಬರುವ ಮ್ಯಾನುವಲ್ ಪುಸ್ತಕದಲ್ಲಿ ಹೇಳಿದ ದಪ್ಪದ್ದೇ. ಇನ್ನು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಶೇಕಡಾ 20 ಬೆರೆಸಿದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದಾಗ ಲೀಟರಿನ ಶಕ್ತಿ ಆರೇಳು ಶೇಕಡಾ ಇಳಿಯುತ್ತದೆ. ಅದು ನಮ್ಮ ಕಾಲಿನ ಕೈಯಲ್ಲಿಲ್ಲ, ಲೆಕ್ಕದಲ್ಲಿ ಇಟ್ಟುಕೊಂಡರೆ ಸಾಕು.

ಕೊನೆಗೆ ಘಾಟಿ. ನಮ್ಮೂರು ಪುತ್ತೂರಿನ ಕಡೆ, ಹಾಗಾಗಿ ಶಿರಾಡಿ ಇಳಿಯುವುದು ಮಾಮೂಲು. ಅಪ್ಪ ಡೀಸೆಲ್ ಜೀಪು ಓಡಿಸಿ ಪಳಗಿದವರು. ಪಕ್ಕದಲ್ಲಿ ಕೂತು, "ನ್ಯೂಟ್ರಲಿಗೆ ಹಾಕು ಮಾರಾಯ, ಪೆಟ್ರೋಲ್ ಉಳೀತದೆ" ಅಂದರು.

"ಇಲ್ಲಪ್ಪ, ಡಿಯಲ್ಲೇ ಇದ್ದರೆ ಉಳಿಯುವುದು ಮಾತ್ರ ಅಲ್ಲ, ತುಂಬುತ್ತದೆ. ಇಲ್ಲಿ ನೋಡಿ" ಅಂತ ಸ್ಕ್ರೀನ್ ತೋರಿಸಿದೆ. ಚಕ್ರದಿಂದ ಬ್ಯಾಟರಿಯ ಕಡೆಗೆ ಬಾಣದ ಗುರುತು ಓಡುತ್ತಿತ್ತು, ಬ್ಯಾಟರಿಯ ಗೆರೆಗಳು ಒಂದೊಂದೇ ಏರುತ್ತಿದ್ದವು. ಅಪ್ಪ ಘಾಟಿಯ ಬುಡದ ಗುಂಡ್ಯದವರೆಗೆ ರಸ್ತೆ ನೋಡಲೇ ಇಲ್ಲ, ಅದನ್ನೇ ನೋಡುತ್ತಾ ಕೂತರು. ನ್ಯೂಟ್ರಲಿನಲ್ಲಿ ಘಾಟಿ ಇಳಿಯುವುದು ಯಾವ ಗಾಡಿಯಲ್ಲೂ ಅಪಾಯ, ಅದು ಬೇರೆ ಮಾತು.

ಆದರೆ ಚೊಂಬಿನ ಲೆಕ್ಕ ಇಲ್ಲೂ ಇದೆ. ಜನ, ಲಗೇಜು ಸೇರಿ ಒಂದೂವರೆ ಟನ್ ಗಾಡಿ ಹೆಚ್ಚುಕಮ್ಮಿ 800 ಮೀಟರ್ ಎತ್ತರದಿಂದ ಕೆಳಗೆ ಬಂದರೆ ಬಿಡುಗಡೆಯಾಗುವ ಶಕ್ತಿ 3 ಕಿಲೋವ್ಯಾಟ್-ಅವರಿಗಿಂತ ಜಾಸ್ತಿ. ಬ್ಯಾಟರಿ ಹಿಡಿಯುವುದು ಅದರ ಕಾಲು ಭಾಗಕ್ಕಿಂತ ಕಮ್ಮಿ. ಇಲ್ಲಿಯೇ ಇವಿ ಬಟನ್ನಿನ ಉಪಯೋಗ. ಸಕಲೇಶಪುರದ ಆಸುಪಾಸಿನಲ್ಲಿ ನಿಧಾನವಾಗಿ ಹೋಗುವ ಕಡೆ ಇವಿ ಒತ್ತಿ ಬ್ಯಾಟರಿಯನ್ನು ಕೆಳಗೆ ತರುತ್ತೇನೆ. ಮಾರನಹಳ್ಳಿ ದಾಟಿ ಇಳಿಯಲು ಶುರುಮಾಡುವಾಗ ಒಳಗೆ ಜಾಗ ಇರುತ್ತದೆ. ಖಾಲಿಯಾದದ್ದನ್ನು ತುಂಬುವುದು ಇಲ್ಲಿ ಪೆಟ್ರೋಲ್ ಅಲ್ಲ, ಇಳಿಜಾರು. ಬ್ಯಾಟರಿ ತುಂಬಿದ ಮೇಲೆ ಗೇರನ್ನು ‘ಬಿ’ಗೆ ಹಾಕುತ್ತೇನೆ, ಅದು ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಸ್ಥಾನ. ಎಂಜಿನ್ ಜೋರಾಗಿ ಕೂಗುತ್ತದೆ. ಕೇಳಿದವರಿಗೆ ಪೆಟ್ರೋಲ್ ಉರಿಯುತ್ತಿದೆ ಅನಿಸಬಹುದು, ಆದರೆ ಆಗ ಪೆಟ್ರೋಲ್ ಹೋಗುತ್ತಿರುವುದಿಲ್ಲ. ಎಂಜಿನ್ ಬರೀ ತಡೆಯಾಗಿ ತಿರುಗುತ್ತಿರುತ್ತದೆ, ಬ್ರೇಕ್ ಬಿಸಿಯಾಗುವುದು ತಪ್ಪುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಪುತ್ತೂರು ತಗ್ಗಿನಲ್ಲಿದೆ. ಹೋಗುವಾಗಿನ ಮೈಲೇಜ್ ಯಾವಾಗಲೂ ಚೆನ್ನಾಗಿ ಕಾಣುತ್ತದೆ, ಬರುವಾಗ ಘಾಟಿ ಹತ್ತಿ ಅದು ಇಳಿಯುತ್ತದೆ. ಊರಿಗೆ ಹೋಗಿ 26 ಬಂತು ಅಂತ ಯಾರಾದರೂ ಫೋಟೋ ಕಳಿಸಿದರೆ, ವಾಪಸ್ ಬಂದ ಮೇಲಿನ ಲೆಕ್ಕವನ್ನೂ ಕೇಳುತ್ತೇನೆ. ಎರಡೂ ಸೇರಿಸಿ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ನೋಡಿದ ಸಂಖ್ಯೆಯನ್ನೇ ನಾನು ಬರೆದಿಡುವುದು.