ಬೆಟ್ಟದ ದಾರಿಯಲ್ಲಿ ಸೈಕಲ್: ಅನುಮತಿ ಕೇಳುವುದು ಹೇಗೆ?

ಕೋಲಾರದ ಅಂತರಗಂಗೆಯಿಂದ ಮೇಲೆ ಹತ್ತಿ ತೇರಹಳ್ಳಿಯ ಕಡೆಗೆ ನಡೆದರೆ ಬಂಡೆಗಳ ನಡುವೆ ಕವಲೊಡೆಯುವ ಹಲವು ಕಾಲುದಾರಿಗಳು ಸಿಗುತ್ತವೆ. ಕುರಿ ಮೇಯಿಸುವವರೂ ಬೆಟ್ಟದ ಮೇಲಿನ ಊರಿನವರೂ ತುಳಿದು ಮಾಡಿದ ಈ ದಾರಿಗಳನ್ನು ಕಂಡಾಗ ಮೌಂಟನ್ ಬೈಕ್ ಇರುವವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಜನ ನಡೆದಾಡುವ ದಾರಿ ಎಂಬ ಕಾರಣಕ್ಕೇ ಅಲ್ಲಿ ಸೈಕಲ್ ಓಡಿಸುವ ಹಕ್ಕು ಬಂದುಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಕುದುರೆ ಸವಾರರ ದಾರಿಗಳನ್ನು 1968ರ ಕಾಯ್ದೆಯೊಂದು ಸೈಕಲ್ ಸವಾರರಿಗೂ ತೆರೆಯಿತು. ಪಾದಚಾರಿಗಳಿಗೂ ಕುದುರೆಗಳಿಗೂ ದಾರಿ ಬಿಡಬೇಕೆಂಬ ಷರತ್ತು ಅದರಲ್ಲೇ ಇದೆ. ನಮ್ಮ ಕಾಡು-ಬೆಟ್ಟಗಳಲ್ಲಿ ಒಂದೊಂದು ದಾರಿಗೂ ಬೇರೆಬೇರೆಯಾಗಿ ಕೇಳಿ ಪಡೆಯಬೇಕು.

ಕೇಳುವ ಮೊದಲು ಜಾಗ ಯಾರದೆಂದು ತಿಳಿಯಬೇಕು. ಬಹುತೇಕ ಅರ್ಜಿಗಳು ಸೋಲುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದೇ ದಾರಿ ಗೋಮಾಳದಲ್ಲಿ ಆರಂಭವಾಗಿ, ಯಾರದೋ ಹೊಲದ ಬದುವಿನಲ್ಲಿ ಹಾದು, ಮೀಸಲು ಅರಣ್ಯದೊಳಗೆ ಮುಗಿಯಬಹುದು. ದಾರಿಯುದ್ದಕ್ಕೂ ನಡೆದು, ಮೊಬೈಲಿನ ಜಿಪಿಎಸ್‌ನಲ್ಲಿ ಜಾಡನ್ನು ದಾಖಲಿಸಿಕೊಂಡು, ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಪ್ರತಿ ತಿರುವಿನ ಸರ್ವೆ ನಂಬರ್ ಗುರುತಿಸಿ. ಬಳಿಕ ಗ್ರಾಮ ನಕಾಶೆಯನ್ನು ಪಡೆದು, ಅದರಲ್ಲಿ ಬಂಡಿದಾರಿ ಅಥವಾ ಕಾಲುದಾರಿ ಇದೆಯೇ ಎಂದು ನೋಡಿ. ಪಹಣಿಯಲ್ಲಿ ಬಿ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಗೋಮಾಳವಾದರೆ ತಹಶೀಲ್ದಾರರನ್ನೂ, ಹೊಲವಾದರೆ ಅದರ ಮಾಲೀಕರನ್ನೂ ಕೇಳಬೇಕು. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುವುದರಿಂದ, ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಅರ್ಜಿ ಹೋಗಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಿತ ಪ್ರದೇಶದಂಥ ಜಾಗಗಳನ್ನು ಕೇಳದಿರುವುದೇ ಒಳ್ಳೆಯದು.

ದಾಖಲೆಗಳಿಂದ ವಿಷಯ ಸ್ಪಷ್ಟವಾಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು.

ಕಚೇರಿಗೆ ಹೋಗುವ ಮೊದಲು ಊರಿಗೆ ಹೋಗಿ. ಗ್ರಾಮ ಪಂಚಾಯಿತಿ ಸದಸ್ಯರನ್ನು, ದೇವಸ್ಥಾನದವರನ್ನು, ಮುಖ್ಯವಾಗಿ ದಿನವೂ ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರನ್ನು ಮಾತನಾಡಿಸಿ. ಇಳಿಜಾರಿನಲ್ಲಿ ಸದ್ದಿಲ್ಲದೆ ಬರುವ ಸೈಕಲ್‌ಗೆ ಮಂದೆ ಬೆದರಿ ಚದುರಿದರೆ, ಅವುಗಳನ್ನು ಮತ್ತೆ ಕೂಡಿಸುವ ಪಾಡು ಕುರಿಗಾಹಿಯದು. ಆದ್ದರಿಂದ ಬೆಲ್ ಕಡ್ಡಾಯ, ಮಂದೆ ಕಂಡೊಡನೆ ಇಳಿದು ನಿಲ್ಲುವುದು ಕಡ್ಡಾಯ ಎಂಬುದನ್ನು ನೀವೇ ಮೊದಲು ಹೇಳಿ. ಪಂಚಾಯಿತಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಸಿಕ್ಕಿದರೆ ಅರ್ಜಿಗೆ ಬಲ ಬರುತ್ತದೆ.

ಅರ್ಜಿಯಲ್ಲಿ ಇಡೀ ಬೆಟ್ಟವನ್ನು ಕೇಳದೆ ಒಂದೇ ದಾರಿಯನ್ನು ಕೇಳಿ. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಯಾವ ದಿನಗಳಲ್ಲಿ, ಒಮ್ಮೆಗೆ ಎಷ್ಟು ಜನ ಎಂಬುದನ್ನು ಬರೆದು, ಇದು ಮೋಟರ್ ಇಲ್ಲದ, ಪೆಡಲ್ ತುಳಿಯುವ ಸೈಕಲ್‌ಗೆ ಮಾತ್ರ ಎಂಬುದನ್ನು ಮೊದಲ ಸಾಲಿನಲ್ಲೇ ಸ್ಪಷ್ಟಪಡಿಸಿ. ಚಿರತೆಯ ಓಡಾಟವಿರುವ ಬೆಟ್ಟಗಳಲ್ಲಿ ಸೂರ್ಯೋದಯಕ್ಕೆ ಮುನ್ನ ಮತ್ತು ಸಂಜೆಗತ್ತಲಲ್ಲಿ ಓಡಿಸುವುದಿಲ್ಲವೆಂದೂ, ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ ಇಲಾಖೆ ಹೇಳಿದಾಗ ನಿಲ್ಲಿಸುವೆವೆಂದೂ ಸೇರಿಸಿ.

ಸೈಕಲ್ ಓಡಿದರೆ ದಾರಿ ಕೊರೆದುಹೋಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅಮೆರಿಕದ ಮೊಂಟಾನಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾದಚಾರಿಗಳು ಹಾಗೂ ಸೈಕಲ್‌ಗಳಿಗಿಂತ ಕುದುರೆಗಳ ಗೊರಸೇ ಹೆಚ್ಚು ಮಣ್ಣು ಸಡಿಲಿಸಿದ್ದು ಕಂಡುಬಂದಿತ್ತು. ಇದನ್ನು ಉಲ್ಲೇಖಿಸಬಹುದು, ಆದರೆ ಅಷ್ಟಕ್ಕೇ ನೆಚ್ಚಿ ಕೂರಬಾರದು. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಬಿಗಿಯಾಗಿ ಹಿಡಿದರೆ ಚಕ್ರ ತಿರುಗದೆ ಜಾರುತ್ತಾ ಮಣ್ಣಿನಲ್ಲಿ ಬೆರಳಗಲದ ಗೀರು ಎಳೆಯುತ್ತದೆ. ಮುಂದಿನ ಮಳೆಯ ನೀರು ಅದೇ ಗೀರಿನಲ್ಲಿ ಹರಿದು ಅದನ್ನು ಕೊರಕಲು ಮಾಡುತ್ತದೆ. ಹಾಗಾಗಿ ಮಳೆ ಬಂದು ನೆಲ ಆರುವವರೆಗೆ ಸವಾರಿ ಇಲ್ಲವೆಂದು ಬರೆದುಕೊಡಿ. ದಾರಿಗೆ ಅಡ್ಡಲಾಗಿ ಓರೆಯಾಗಿ ಕಲ್ಲು ಕೂರಿಸಿ ನೀರನ್ನು ಪಕ್ಕಕ್ಕೆ ತಿರುಗಿಸುವ ಕೆಲಸವನ್ನು, ಇಲಾಖೆಯ ಒಪ್ಪಿಗೆಯೊಂದಿಗೆ, ನಿಮ್ಮ ಗುಂಪೇ ಮಾಡುತ್ತದೆಂದೂ ತಿಳಿಸಿ.

ಅರ್ಜಿಯ ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಜಂಟಿ ಸ್ಥಳ ಪರಿಶೀಲನೆಗೆ ಕೋರಿ. ಚಿಕ್ಕಬಳ್ಳಾಪುರದ ಸ್ಕಂದಗಿರಿ ಚಾರಣಕ್ಕೆ ಆನ್‌ಲೈನ್ ಮುಂಗಡ ಬುಕ್ಕಿಂಗ್ ಇರುವುದನ್ನು ತೋರಿಸಿ, ಅದೇ ಬಗೆಯಲ್ಲಿ ಸೈಕಲ್‌ಗೂ ಒಂದು ಋತುವಿನ ಪ್ರಾಯೋಗಿಕ ಅನುಮತಿ ಕೇಳಬಹುದು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು, ಆ ಕಾರಣಕ್ಕಷ್ಟೇ ಉತ್ತರಿಸುವ ಹೊಸ ಅರ್ಜಿ ಹಾಕಿ. ಈ ನಡುವೆ ಗುಂಪಿನ ಯಾರೊಬ್ಬರೂ ಆ ದಾರಿಯಲ್ಲಿ ಸೈಕಲ್ ಓಡಿಸಿ ವಿಡಿಯೊ ಹಾಕದಂತೆ ನೋಡಿಕೊಳ್ಳಿ. ಹಾಕಿದರೆ ಅದರ ಪ್ರತಿಯೇ ನಿಮ್ಮ ಕಡತದಲ್ಲಿ ಅರ್ಜಿಯ ಕೆಳಗೆ ಬಂದು ಕೂರುತ್ತದೆ.