ಹಾಸನದ ಕಡೆಯಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಊರಿನವರ ನೋವಿಗೆ ಇಲ್ಲಿಂದ ಏನು ಮಾಡಬಹುದು

ನೀವು ಬಂದು ಇನ್ನೂ ಮೂರ್ನಾಲ್ಕು ತಿಂಗಳಾಗಿರಬಹುದು. ಮನೆ, ಬ್ಯಾಂಕು, ಮಕ್ಕಳ ಸ್ಕೂಲು ಅಂತ ಓಡಾಟವೇ ಜಾಸ್ತಿ. ಅಷ್ಟರಲ್ಲಿ ಒಂದು ದಿನ ಊರಿಂದ ಫೋನ್ ಬರುತ್ತದೆ. ಹಿರಿಯರೊಬ್ಬರಿಗೆ ಕ್ಯಾನ್ಸರ್. "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದಿದ್ದಾರೆ. ನನಗೂ ಅಂಥ ಫೋನ್ ಬಂದಿತ್ತು. ನಮ್ಮ ದೊಡ್ಡಪ್ಪ ಸಕಲೇಶಪುರದ ಮನೆಯಲ್ಲಿ ಕೊನೆಯ ಐದು ವಾರ ಗೋಡೆಗೆ ಮುಖ ಮಾಡಿ ಮಲಗಿದ್ದರು. ನೋವಿಗೆ ಸಿಕ್ಕಿದ್ದು ಪ್ಯಾರಾಸಿಟಮಾಲ್ ಮಾತ್ರ. ಮಾಡುವುದು ಬೇಕಾದಷ್ಟಿತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ರೋಗ ವಾಸಿಯಾಗದಿದ್ದರೂ ನೋವು, ಉಬ್ಬಸ, ವಾಂತಿ, ಹುಣ್ಣು, ಭಯ ಇವನ್ನೆಲ್ಲ ಇಳಿಸುವ ಕೆಲಸಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಹಾಸ್ಪೈಸ್ ಅಂದರೆ ವಾಸಿಯಾಗದ ರೋಗ ಇರುವವರನ್ನು ಹೀಗೆ ನೋಡಿಕೊಳ್ಳುವ ಜಾಗ. ಇಲ್ಲಿ ಇದು ಗಟ್ಟಿಯಾಗಿ ಬೇರು ಬಿಟ್ಟಿದ್ದು ಆಗಿನಿಂದ. ನಿಮ್ಮ ಪೇಟೆ ಬೀದಿಯಲ್ಲೂ ಹಾಸ್ಪೈಸಿಗೆ ದುಡ್ಡು ಕೂಡಿಸಲು ಅದರ ಹೆಸರಿನಲ್ಲೇ ನಡೆಸುವ ಹಳೇ ಬಟ್ಟೆ ಅಂಗಡಿ ನೋಡಿರುತ್ತೀರಿ. ರೋಗಿಗಳಿಂದ ಹಾಸ್ಪೈಸ್‌ನವರು ದುಡ್ಡು ತಗೊಳ್ಳುವುದಿಲ್ಲ. ಸರ್ಕಾರ ಕೊಡುವುದು ಖರ್ಚಿನಲ್ಲಿ ಸುಮಾರು ಮೂರರಲ್ಲೊಂದು ಭಾಗ, ಉಳಿದದ್ದು ಹೆಚ್ಚಾಗಿ ಜನ ಕೊಟ್ಟಿದ್ದು. ಮೊದಲು ಅಲ್ಲಿಗೆ ಹೋಗಿ, ವಾರಕ್ಕೆ ಎರಡು ಮೂರು ಗಂಟೆ ವಾಲಂಟಿಯರ್ ಆಗಿ. ಆ ಕೆಲಸ ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ನೋಡಿ. ಹಾಸನಕ್ಕೆ ಏನು ಬೇಕು ಅನ್ನುವ ಯೋಚನೆ ಆಮೇಲೆ.

ಇಲ್ಲಿಯವರು ಕಲಿಸುವವರು, ನಮ್ಮವರು ಕಲಿಯುವವರು ಅಂತ ಮಾತ್ರ ಅಂದುಕೊಳ್ಳಬೇಡಿ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಈ ಕೆಲಸ ಶುರು ಮಾಡಿದಾಗ ಆಕ್ಸ್‌ಫರ್ಡ್‌ನ ಡಾ. ರಾಬರ್ಟ್ ಟ್ವೈಕ್ರಾಸ್ ಅವರಂಥವರು ಬೆನ್ನಿಗೆ ನಿಂತು ಕಲಿಸಿದರು. ಮುಂದೆ ಕೇರಳದವರು ಅಕ್ಕಪಕ್ಕದ ಮನೆಯವರನ್ನೇ ಸೇರಿಸಿಕೊಂಡು ರೋಗಿಗಳನ್ನು ನೋಡಿಕೊಂಡರು. ಅದನ್ನು ನೋಡಿ ಲಂಡನ್ನಿನ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಹಾಸ್ಪೈಸ್ ತನ್ನ ನೆರೆಹೊರೆಯವರ ಯೋಜನೆ ಕಟ್ಟಿತು.

ನಾನೂ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಇಲ್ಲಿನ ನರ್ಸ್ ಒಬ್ಬರು ರಜೆಯಲ್ಲಿ ನಮ್ಮ ಜೊತೆ ಊರಿಗೆ ಬಂದಿದ್ದರು. ಆಲೂರಿನ ಹತ್ತಿರ ಒಂದು ಹಳ್ಳಿ. ಜಗಲಿ ಮೇಲೆ ಚಾಪೆ ಹಾಸಿ ಅಜ್ಜಿಯನ್ನು ಮಲಗಿಸಿದ್ದರು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ ಆ ನರ್ಸ್ ನನ್ನಿಂದ ಕೇಳಿಸಿದರು. ನಾನು ಕನ್ನಡದಲ್ಲಿ ಕೇಳಿದೆ. ಅಜ್ಜಿ ಸುಮ್ನೆ ನನ್ನ ಮುಖ ನೋಡಿದರು. ಆಗ ಜೊತೆಗಿದ್ದ ಊರಿನ ನರ್ಸಮ್ಮ ಪಕ್ಕ ಕೂತು ಕೈ ಹಿಡಿದು, "ಅಜ್ಜಿ, ರೂಪಾಯಿಗೆ ಎಷ್ಟಾಣೆ ನೋವು?" ಅಂದರು.

"ಹನ್ನೆರಡಾಣೆ ಐತೆ ಕಣವ್ವ. ರಾತ್ರಿಗೆ ಹದ್ನಾರಾಣೆ."

"ಎಂಥಾ ನೋವು? ಸೆಳೆತಾನಾ, ಹಿಂಡಿದಂಗಾ, ಉರಿನಾ?"

"ಉರಿ. ಮೆಣಸಿನಕಾಯಿ ಹಚ್ಚಿದಂಗೆ. ಕಾಲೆಲ್ಲ ಜುಮ್ ಅಂತದೆ."

ಉರಿ, ಜುಮ್ಮು ಅಂದರೆ ನರದ ನೋವಿರಬಹುದು. ಅದಕ್ಕೆ ಬೇರೆ ಥರದ ಮಾತ್ರೆ ಬೇಕಾಗುತ್ತದೆ. ಇಲ್ಲಿಂದ ಬಂದಿದ್ದ ನರ್ಸ್ ತಮ್ಮ ಪುಸ್ತಕದಲ್ಲಿ ಹದಿನಾರು ಗೆರೆ ಎಳೆದು, ಹನ್ನೆರಡನೆಯದಕ್ಕೆ ಗುರುತು ಹಾಕಿಕೊಂಡರು.

ನಿಮ್ಮಿಂದ ಆಗುವ ದೊಡ್ಡ ಕೆಲಸ ಇದೇ. ನಡುವೆ ಕೂತು ಮಾತು ದಾಟಿಸುವುದು. "ಸಂಕಟ" ಅಂದರೆ ಹೊಟ್ಟೆ ತೊಳಸುವುದೂ ಹೌದು, ಎದೆ ಹಿಡಿದ ಹಾಗಾಗುವುದೂ ಹೌದು, ದುಃಖವೂ ಹೌದು ಅಲ್ವಾ? ಯಾವುದು ಅಂತ ಮತ್ತೆ ಕೇಳಿ ತಿಳಿದುಕೊಂಡು ಹೇಳುವವರು ಬೇಕು.

ಸಾಮಾನು ಕಳಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾವೂ ಮೊದಲ ವರ್ಷ ಎರಡು ಕರೆಂಟಿನ ಮಂಚ ಕಳಿಸಿದೆವು. ಅವು ಒಂದು ಆಸ್ಪತ್ರೆಯ ಗೋಡೌನಿನಲ್ಲೇ ಉಳಿದವು. ಬೇಕಾಗಿರುವುದು ತರಬೇತಿ. ಜೋರು ನೋವಿಗೆ ಕೊಡುವ ಮಾರ್ಫಿನ್ ವಿಷಯವನ್ನೇ ನೋಡಿ. 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭ. ಆದರೆ ಆ ಮಾನ್ಯತೆ ಸಿಗಬೇಕಾದರೆ ತರಬೇತಿ ಆದ ಡಾಕ್ಟರ್ ಅಲ್ಲಿರಬೇಕು. ಹಾಗಾಗಿ ಜಿಲ್ಲೆಯ ಒಬ್ಬ ಡಾಕ್ಟರನ್ನೂ ಒಬ್ಬ ನರ್ಸನ್ನೂ ಬೆಂಗಳೂರಿನ ಕರುಣಾಶ್ರಯ ಹಾಸ್ಪೈಸಿಗೋ ಕೇರಳದ ಪ್ಯಾಲಿಯಂ ಇಂಡಿಯಾ ಸಂಸ್ಥೆಗೋ ಕಲಿಯಲು ಕಳಿಸಿದರೆ, ಇಲ್ಲಿಂದ ಕಳಿಸುವ ಹತ್ತು ಮಂಚಕ್ಕಿಂತ ಅದು ಮೇಲು. ಫೀಸು ಅಷ್ಟೇ ಕೊಟ್ಟರೆ ಸಾಲದು. ಅವರು ಹೋದಾಗ ಡ್ಯೂಟಿ ಮಾಡುವವರ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಲಿತು ಬಂದವರನ್ನು ಕೈಬಿಡಬೇಡಿ. ತಿಂಗಳಿಗೊಮ್ಮೆ ಇಲ್ಲಿನ ಅನುಭವಸ್ಥರ ಜೊತೆ ಆನ್‌ಲೈನಿನಲ್ಲಿ ಕೂತು ನಿಜವಾದ ರೋಗಿಗಳ ಬಗ್ಗೆ ಹೆಸರು ಹೇಳದೆ ಮಾತಾಡಲಿ. 2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಶುರು ಮಾಡಿದ, ದೂರದ ಡಾಕ್ಟರುಗಳಿಗೆ ಕಲಿಸುವ ಪ್ರಾಜೆಕ್ಟ್ ಎಕೋದ ಕ್ರಮವೂ ಇದೇ. ಹಾಸನದಲ್ಲಿ ಮಧ್ಯಾಹ್ನ ಮೂರೂವರೆ ಅಂದರೆ ಇಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ ಹತ್ತು, ಬೇಸಿಗೆಯಲ್ಲಿ ಹನ್ನೊಂದು. ಜುಲೈ ಮಳೆಯಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟು ನೆಟ್‌ವರ್ಕು ಎರಡನ್ನೂ ನಂಬಬೇಡಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಊರೆಲ್ಲ ಜನ, ಆಗಲೂ ಬೇಡ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಇಲ್ಲಿನ ಪೌರತ್ವ ತಗೊಂಡವರು ಅಥವಾ ಇಲ್ಲಿನ ಸಂಘ ಕೊಟ್ಟರೆ ಅದು ವಿದೇಶಿ ದೇಣಿಗೆ. ಆಗ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಹೋಗಬೇಕು. ಇಲ್ಲಿ ಯಾರದೋ ಮನೆಯಲ್ಲಿ ಉಳಿದ ಮಾರ್ಫಿನ್ ಮಾತ್ರೆಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. ಎಷ್ಟೇ ಒಳ್ಳೆ ಮನಸ್ಸಿನಿಂದ ಮಾಡಿದರೂ ಅದು ಅಪರಾಧ.

ಈಗಲೇ ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಲಗಿದ್ದರೆ, ಇವತ್ತು ಫೋನ್ ಮಾಡಿದಾಗ "ಹೇಗಿದ್ದೀರಾ" ಅಂತ ಕೇಳಿ ನಿಲ್ಲಿಸಬೇಡಿ. ರಾತ್ರಿ ನಿದ್ದೆ ಬಂತಾ, ನೋವು ಎಷ್ಟಾಣೆ, ಉರಿನಾ ಸೆಳೆತಾನಾ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಡಾಕ್ಟರಿಗೆ ತೋರಿಸಲು ಹೇಳಿ. ಮಾರ್ಫಿನ್ ಶುರುವಾದರೆ ಮಲಬದ್ಧತೆ ಆಗುವುದು ಹೆಚ್ಚು. ಅದಕ್ಕೂ ಔಷಧಿಯನ್ನು ಮೊದಲ ದಿನವೇ ಕೇಳಿ ಬರೆಸಿಕೊಳ್ಳಲಿ.